1 ಕೆಜಿ ಮೈಲುತುತ್ತಿಗೆ 1 ಕೆಜಿ ಸುಣ್ಣ ಅಂದ್ರೆ 1:1 ಅಲ್ವಾ? (ಮೋಲ್ ಲೆಕ್ಕ, ಪ್ರಥಮ ಪಿಯುಸಿ)

ಪಿಯುಸಿ_ಹುಡುಗಿ (ಚನ್ನಗಿರಿ ಕಡೆಯವಳು, ಈಗ ದಾವಣಗೆರೆ ಹಾಸ್ಟೆಲ್)

ಎಲ್ಲರಿಗೂ ನಮಸ್ಕಾರ. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಈಗ ಸೈನ್ಸ್ ತಗೊಂಡಿದ್ದೇನೆ. ಕೆಮಿಸ್ಟ್ರಿ ಮೊದಲನೇ ಪಾಠದಲ್ಲೇ ಮೋಲ್ ಬಂತು. ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಕ್ಲಾಸಿನಲ್ಲಿ ಕೊಟ್ಟ ಲೆಕ್ಕ: 10 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟನ್ನು ಪೂರ್ತಿ ಸುಟ್ಟರೆ ಎಷ್ಟು ಗ್ರಾಂ ಸುಟ್ಟ ಸುಣ್ಣ ಸಿಗುತ್ತದೆ? ಸಮೀಕರಣದಲ್ಲಿ ಒಂದಕ್ಕೆ ಒಂದು ಅಂತಲೇ ಇದೆ. ಹಾಗಾದರೆ 10 ಗ್ರಾಂ ಬರಬೇಕಲ್ವಾ? ಉತ್ತರ ಮಾತ್ರ 5.6 ಅಂತಿದೆ.

ಇನ್ನೊಂದು ಡೌಟು. ಅಡಿಕೆಯ ಕೊಳೆರೋಗಕ್ಕೆ ನಮ್ಮಪ್ಪ ಬೋರ್ಡೋ ದ್ರಾವಣ ಮಾಡುವಾಗ 1 ಕೆಜಿ ಮೈಲುತುತ್ತು (ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು ಹಾಕುತ್ತಾರೆ. ಮೈಲುತುತ್ತು ಮತ್ತು ಅರಳಿದ ಸುಣ್ಣ (ಸುಟ್ಟ ಸುಣ್ಣಕ್ಕೆ ನೀರು ಸೇರಿದ್ದು) ಒಂದಕ್ಕೊಂದು ಸೇರುತ್ತವೆ ಅಂತ ಲೆಕ್ಚರರ್ ಹೇಳಿದರು. ಅಪ್ಪನ ಲೆಕ್ಕವೂ ಒಂದಕ್ಕೊಂದು. ಅಂದರೆ ಎರಡೂ ಒಂದೇನಾ?

ಸಿಇಟಿ_ಬ್ಯಾಚ್ (ದಾವಣಗೆರೆ)

1:1 ಅನ್ನೋದು ಎಣಿಕೆ, ತೂಕ ಅಲ್ಲ. 100 ಗ್ರಾಂ ಕಾರ್ಬೊನೇಟಿಗೆ 56 ಗ್ರಾಂ ಸುಣ್ಣ, 10 ಗ್ರಾಂಗೆ 5.6. ಮುಗೀತು.

ಲ್ಯಾಬ್_ಮೇಷ್ಟ್ರು (ದಾವಣಗೆರೆ, ನಿವೃತ್ತ)

ಮುಗೀಲಿಲ್ಲಪ್ಪ. ಆ 100 ಮತ್ತು 56 ಎಲ್ಲಿಂದ ಬಂತು ಅಂತ ಹೇಳದಿದ್ದರೆ ತಂಗಿಗೆ ನಾಳೆ ಇನ್ನೊಂದು ಲೆಕ್ಕದಲ್ಲಿ ಇದೇ ತೊಂದರೆ.

ತಂಗಿ, ಸಮೀಕರಣಕ್ಕೆ ತಕ್ಕಡಿ ಗೊತ್ತಿಲ್ಲ. ಅದು ಎಣಿಸುತ್ತದೆ ಅಷ್ಟೆ. ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ಘಟಕ ಒಡೆದರೆ ಸುಣ್ಣದ ಒಂದು ಘಟಕ, ಕಾರ್ಬನ್ ಡೈಆಕ್ಸೈಡಿನ ಒಂದು ಅಣು. ನಮಗೋ ಎಣಿಸುವುದಕ್ಕೆ ಆಗುವುದಿಲ್ಲ, ತೂಗುವುದಕ್ಕೆ ಮಾತ್ರ ಆಗುತ್ತದೆ. ದೇವಸ್ಥಾನದ ಹುಂಡಿ ಚಿಲ್ಲರೆಯನ್ನು ತೂಕ ಹಾಕಿ ಎಷ್ಟು ನಾಣ್ಯ ಅಂತ ಲೆಕ್ಕ ಹಿಡಿದ ಹಾಗೆ. ಒಂದು ನಾಣ್ಯದ ತೂಕ ಗೊತ್ತಿದ್ದರೆ ಸಾಕು. ಆದರೆ ಒಂದು ರೂಪಾಯಿಯದ್ದು ಬೇರೆ, ಹತ್ತು ರೂಪಾಯಿಯದ್ದು ಬೇರೆ. ಎರಡರದ್ದೂ ಒಂದೊಂದು ಕೆಜಿ ಇಟ್ಟರೆ ಎಣಿಕೆ ಒಂದೇ ಬರುವುದಿಲ್ಲ.

ಒಂದು ಮೋಲ್ ಅಂದರೆ 6.022 × 10²³ ಕಣಗಳು. ಅಷ್ಟು ಕಣಗಳ ತೂಕ ಎಷ್ಟು ಗ್ರಾಂ ಅನ್ನುವುದೇ ಮೋಲಾರ್ ರಾಶಿ. ಅದನ್ನು ಬಾಯಿಪಾಠ ಮಾಡಬೇಡ, ಪ್ರತಿ ಸಲ ಕೂಡಿಸು. ಒಂದು ಮೋಲ್ ಪರಮಾಣುಗಳ ತೂಕ ಗ್ರಾಂನಲ್ಲಿ: ಕ್ಯಾಲ್ಸಿಯಂ 40.08, ಕಾರ್ಬನ್ 12.01, ಆಕ್ಸಿಜನ್ 16.00.

ಕಾರ್ಬೊನೇಟಿನಲ್ಲಿ ಒಂದು ಕ್ಯಾಲ್ಸಿಯಂ, ಒಂದು ಕಾರ್ಬನ್, ಮೂರು ಆಕ್ಸಿಜನ್: 40.08 + 12.01 + 48.00 = 100.09 ಗ್ರಾಂ/ಮೋಲ್.
ಸುಟ್ಟ ಸುಣ್ಣದಲ್ಲಿ ಒಂದು ಕ್ಯಾಲ್ಸಿಯಂ, ಒಂದು ಆಕ್ಸಿಜನ್: 56.08 ಗ್ರಾಂ/ಮೋಲ್.

ಈಗ ನಿನ್ನ 10 ಗ್ರಾಂ. 10 ÷ 100.09, ಹೆಚ್ಚುಕಮ್ಮಿ 0.1 ಮೋಲ್. ಒಂದಕ್ಕೆ ಒಂದು, ಹಾಗಾಗಿ ಸುಣ್ಣವೂ 0.1 ಮೋಲ್. 0.1 × 56.08 = 5.6 ಗ್ರಾಂ. ಉಳಿದ 4.4 ಗ್ರಾಂ ಎಲ್ಲಿ ಹೋಯಿತು? ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ. ಅದರ ಮೋಲಾರ್ ರಾಶಿ 44.01, ಅದೂ 0.1 ಮೋಲ್. 5.6 + 4.4 = 10. ತೂಕದ ಲೆಕ್ಕವೂ ಸರಿಹೋಯಿತು.

ಇನ್ನು ಅಪ್ಪನ ಬೋರ್ಡೋ. ಇದು ಒಳ್ಳೇ ಪ್ರಶ್ನೆ. ಅಂಗಡಿಯಲ್ಲಿ ಸಿಗುವ ನೀಲಿ ಹರಳಿನ ಮೋಲಾರ್ ರಾಶಿ 249.7. 1000 ÷ 249.7 = 4.0 ಮೋಲ್. ಸುಟ್ಟ ಸುಣ್ಣ ಆದರೆ 1000 ÷ 56.08 = 17.8 ಮೋಲ್. ತಕ್ಕಡಿಯಲ್ಲಿ ಸರಿಸಮ, ಎಣಿಕೆಯಲ್ಲಿ ಸುಣ್ಣ ನಾಲ್ಕು ಪಟ್ಟಿಗಿಂತ ಜಾಸ್ತಿ! ಅಪ್ಪನ 1:1 ತೂಕದ್ದು, ಲೆಕ್ಚರರ್ 1:1 ಮೋಲಿನದ್ದು.

ಅಡಿಕೆ_ಹೊಳಲ್ಕೆರೆ

ಮೇಷ್ಟ್ರೇ, ಒಂದು ನಿಮಿಷ. ನಿಮ್ಮ ಲೆಕ್ಕದ ಪ್ರಕಾರ 1 ಕೆಜಿ ಮೈಲುತುತ್ತಿಗೆ ಎಷ್ಟು ಸುಣ್ಣ ಸಾಕು? ನಾವು ಸುಮ್ನೆ ಮುಕ್ಕಾಲು ಪಾಲು ಸುಣ್ಣ ದಂಡ ಮಾಡ್ತಿದ್ದೀವಾ?

ಲ್ಯಾಬ್_ಮೇಷ್ಟ್ರು

ಕಾಗದದ ಮೇಲೆ 4.0 ಮೋಲಿಗೆ 4.0 ಮೋಲ್ ಸಾಕು. 4.0 × 56.08, ಅಂದರೆ ಸುಮಾರು 225 ಗ್ರಾಂ ಸುಟ್ಟ ಸುಣ್ಣ. ಅರಳಿದ ಸುಣ್ಣದ ಪುಡಿ ತಂದಿದ್ದರೆ ಅದರೊಳಗೆ ನೀರೂ ಸೇರಿರುತ್ತದೆ. ಮೋಲಾರ್ ರಾಶಿ 74.09, ಹಾಗಾಗಿ ಸುಮಾರು 297 ಗ್ರಾಂ.

ಆದರೆ ದಯವಿಟ್ಟು ತೋಟದಲ್ಲಿ ಹಾಗೆ ಮಾಡಬೇಡಿ. ಅಂಗಡಿ ಸುಣ್ಣ ಶುದ್ಧ ಇರುವುದಿಲ್ಲ. ಮಣ್ಣು, ಕಲ್ಲು, ಬೇಯದ ಸುಣ್ಣದ ಕಲ್ಲು ಎಲ್ಲ ಇರುತ್ತದೆ. ಮೂಟೆ ಬಿಚ್ಚಿಟ್ಟರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಾರ್ಬೊನೇಟ್ ಆಗುತ್ತದೆ. ಅದಕ್ಕಿಂತ ಮುಖ್ಯ, ಸೇರದೆ ಉಳಿದ ತಾಮ್ರ ಎಳೆ ಕಾಯಿಯನ್ನೂ ಎಲೆಯನ್ನೂ ಸುಡುತ್ತದೆ. ಸುಣ್ಣ ಜಾಸ್ತಿ ಇದ್ದರೆ ಆ ಭಯ ಇಲ್ಲ. ಇದು ಲಿಮಿಟಿಂಗ್ ರಿಯೇಜೆಂಟಿನ (ಮೊದಲು ಮುಗಿದು ಕ್ರಿಯೆ ನಿಲ್ಲಿಸುವ ವಸ್ತುವಿನ) ಪಾಠವೇ. ತಾಮ್ರ ಮೊದಲು ಮುಗಿಯಬೇಕು, ಸುಣ್ಣ ಉಳಿಯಬೇಕು. ಬೇಕಂತಲೇ ಹಾಗೆ ಇಟ್ಟಿದ್ದಾರೆ.

ಇನ್ನೊಂದು ಮಾತು. ಕೊನೆಗೆ ಆಗುವುದು ಬರೀ ತಾಮ್ರದ ಹೈಡ್ರಾಕ್ಸೈಡ್ ಅಲ್ಲ, ಸಲ್ಫೇಟೂ ಸೇರಿಕೊಂಡ ಮಿಶ್ರಣ. ಒಂದಕ್ಕೊಂದು ಅನ್ನುವ ಸಮೀಕರಣ ಪಾಠಕ್ಕೆ ಸರಿ.

ಅಡಿಕೆ_ಹೊಳಲ್ಕೆರೆ

ಹಾಗಾದ್ರೆ ಚಾಕು ಪರೀಕ್ಷೆನೂ ಇದೇನಾ? ನಮ್ಮಲ್ಲಿ ಡ್ರಮ್ಮಿನಲ್ಲಿ ಕಲಸಿದ ಮೇಲೆ ಉಜ್ಜಿ ತೊಳೆದ ಕಬ್ಬಿಣದ ಚಾಕು ಅದ್ದಿ ಸ್ವಲ್ಪ ಹೊತ್ತು ಬಿಡ್ತೀವಿ. ತೆಗೆದಾಗ ಅಲಗಿನ ಮೇಲೆ ಕೆಂಪಗೆ ಲೇಪ ಕೂತಿದ್ದರೆ ಇನ್ನೊಂದಿಷ್ಟು ಸುಣ್ಣದ ತಿಳಿ ಹಾಕ್ತೀವಿ. ಬಿಳಿ ಚಾಕು ಬಿಳಿಯಾಗೇ ಬಂದ್ರೆ ಪಂಪ್ ಸ್ಟಾರ್ಟ್.

ಲ್ಯಾಬ್_ಮೇಷ್ಟ್ರು

ಅದೇ. ಆ ಕೆಂಪು ಲೇಪ ತಾಮ್ರ. ನೀರಿನಲ್ಲಿ ಕರಗಿ ಉಳಿದ ತಾಮ್ರ ಕಬ್ಬಿಣದ ಜಾಗ ಹಿಡಿಯುತ್ತದೆ, ಕಬ್ಬಿಣ ನೀರಿಗೆ ಹೋಗುತ್ತದೆ. ಅದಕ್ಕೇ ಮೈಲುತುತ್ತನ್ನು ಕಬ್ಬಿಣದ ಬಕೆಟ್ಟಿನಲ್ಲಿ ಕರಗಿಸಬಾರದು, ಪ್ಲಾಸ್ಟಿಕ್ ಡ್ರಮ್ಮೇ ಬೇಕು. ಯಾವುದು ಮೊದಲು ಮುಗಿಯಿತು ಅನ್ನುವುದನ್ನು ನೀವು ಕಣ್ಣಲ್ಲೇ ನೋಡುತ್ತಿದ್ದೀರಿ.

ಕೆಮಿಸ್ಟ್ರಿ_ಮೇಡಂ (ಚಿತ್ರದುರ್ಗ)

ಮೇಷ್ಟ್ರು 249.7 ಅಂತ ಹೇಳಿ ಮುಂದೆ ಹೋಗಿಬಿಟ್ಟರು. ನನ್ನ ಕ್ಲಾಸಿನಲ್ಲಿ ಜಾಸ್ತಿ ಮಕ್ಕಳು ಎಡವುವುದು ಅಲ್ಲೇ.

ಕಾಪರ್ ಸಲ್ಫೇಟ್ ಅಂದ ತಕ್ಷಣ ತಾಮ್ರ 63.55, ಗಂಧಕ 32.06, ನಾಲ್ಕು ಆಕ್ಸಿಜನ್ 64.00 ಕೂಡಿಸಿ 159.6 ಬರೆದುಬಿಡುತ್ತಾರೆ. ಅದು ಬಿಳಿ ಪುಡಿಯದ್ದು. ನೀಲಿ ಹರಳಿನಲ್ಲಿ ಪ್ರತಿ ಘಟಕಕ್ಕೂ ಐದು ನೀರಿನ ಅಣು ಅಂಟಿಕೊಂಡಿದೆ. 5 × 18.015 = 90.08. ಕೂಡಿಸಿದರೆ 249.7. ನೀವು 1 ಕೆಜಿ ಮೈಲುತುತ್ತಿಗೆ ದುಡ್ಡು ಕೊಟ್ಟರೆ ಅದರಲ್ಲಿ 360 ಗ್ರಾಂ ನೀರೇ! ತಾಮ್ರ ಇರುವುದು ಸುಮಾರು 254 ಗ್ರಾಂ. 100 ಲೀಟರಿಗೆ ಹಾಕಿದರೆ ಲೀಟರಿಗೆ 2.5 ಗ್ರಾಂ ತಾಮ್ರ. ಮೋಲಾರಿಟಿ (ಲೀಟರಿಗೆ ಎಷ್ಟು ಮೋಲ್) ಕೇಳಿದರೆ 4.0 ÷ 100 = 0.04.

159.6 ಇಟ್ಟು ಲೆಕ್ಕ ಮಾಡಿದರೆ 4ರ ಬದಲು 6.27 ಮೋಲ್ ಬರುತ್ತದೆ. ಸಣ್ಣ ವ್ಯತ್ಯಾಸ ಅಲ್ಲ.

ಲ್ಯಾಬಿನಲ್ಲಿ ಇದನ್ನು ಒಂದು ಸಲ ನೋಡಿದವರು ಮರೆಯುವುದಿಲ್ಲ. ಮೂಸೆಯಲ್ಲಿ 2.50 ಗ್ರಾಂ ನೀಲಿ ಹರಳು ತಗೊಂಡು ಸಣ್ಣ ಉರಿಯಲ್ಲಿ ಕಾಯಿಸಿ. ಮೊದಲು ಅಂಚು ಮಾಸುತ್ತದೆ, ಆಮೇಲೆ ಹರಳು ಹರಳೇ ಪುಡಿಯಾಗಿ ಬೂದಿಬಿಳಿ ಆಗುತ್ತದೆ. ಜಾಸ್ತಿ ಉರಿ ಕೊಟ್ಟರೆ ಕಪ್ಪಾಗುತ್ತದೆ, ಆಗ ಪ್ರಯೋಗ ಕೆಟ್ಟಿತು ಅಂತ ಅರ್ಥ. ತಣ್ಣಗಾದ ಮೇಲೆ ತೂಗಿದರೆ 1.60 ಗ್ರಾಂ ಹತ್ತಿರ ಬರಬೇಕು. ಹೋದದ್ದು 0.90 ಗ್ರಾಂ ನೀರು. 0.90 ÷ 18.0 = 0.05 ಮೋಲ್. ಉಳಿದದ್ದು 1.60 ÷ 159.6 = 0.01 ಮೋಲ್. 0.05ನ್ನು 0.01ರಿಂದ ಭಾಗಿಸಿ. ಐದು! ಪುಸ್ತಕದಲ್ಲಿ CuSO₄ ಮುಂದೆ ಚುಕ್ಕಿ ಇಟ್ಟು 5H₂O ಅಂತ ಬರೆದಿರುವುದು ಎಲ್ಲಿಂದ ಬಂತು ಅಂತ ಆಗ ಗೊತ್ತಾಗುತ್ತದೆ. ಆಮೇಲೆ ಆ ಬಿಳಿ ಪುಡಿಗೆ ಒಂದು ಹನಿ ನೀರು ಬಿಡಿ. ಹನಿ ಬಿದ್ದಲ್ಲಿ ಮತ್ತೆ ನೀಲಿ, ಮೂಸೆ ಬಿಸಿ.

ಸಿಇಟಿ_ಬ್ಯಾಚ್

ಮೇಡಂ, ಎಲ್ಲಾ ಸರಿ. ಆದ್ರೆ ನನ್ನ ಪ್ರಶ್ನೆ ಬೇರೆ. 100 ಗ್ರಾಂಗೆ 56, 10 ಗ್ರಾಂಗೆ ಎಷ್ಟು? ಹೈಸ್ಕೂಲಿನ ತ್ರೈರಾಶಿಯಲ್ಲೇ ಬಂತಲ್ಲ. ಮಧ್ಯ ಮೋಲ್ ಅಂತ ಒಂದು ನಿಲ್ದಾಣ ಯಾಕೆ? ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ, ಕ್ಯಾಲ್ಕುಲೇಟರ್ ಇಲ್ಲ.

ಕೆಮಿಸ್ಟ್ರಿ_ಮೇಡಂ

ಒಂದೇ ವಸ್ತು ಕೊಟ್ಟಾಗ ತ್ರೈರಾಶಿ ಧಾರಾಳವಾಗಿ ಮಾಡು, ನಾನು ಅಂಕ ಕಟ್ ಮಾಡುವುದಿಲ್ಲ. ಎರಡು ವಸ್ತು ಕೊಟ್ಟು, ಸಮೀಕರಣದಲ್ಲಿ 1, 2, 3 ಅಂತ ಸಂಖ್ಯೆ ಬೇರೆ ಬೇರೆ ಇದ್ದಾಗ ನೋಡೋಣ.

ದುರ್ಗದ_ಗಣಿ (ಚಿತ್ರದುರ್ಗ)

ನಾನು ಒಂದು ಲೆಕ್ಕ ಹಾಕ್ತೀನಿ ತಮ್ಮಾ, ನಮ್ಮ ಕಡೆ ಕಬ್ಬಿಣದ ಅದಿರಿಂದ.

ಹೆಮಟೈಟ್‌ನ ಒಂದು ಘಟಕದಲ್ಲಿ ಎರಡು ಕಬ್ಬಿಣ, ಮೂರು ಆಕ್ಸಿಜನ್. ಕಬ್ಬಿಣ 55.85. ಮೋಲಾರ್ ರಾಶಿ 159.7. ಕುಲುಮೆಯಲ್ಲಿ ಒಂದು ಹೆಮಟೈಟಿಗೆ ಮೂರು ಕಾರ್ಬನ್ ಮೊನಾಕ್ಸೈಡ್ ಬೇಕು, ಎರಡು ಕಬ್ಬಿಣ ಸಿಗುತ್ತದೆ.

ಪ್ರಶ್ನೆ: ಶುದ್ಧ ಹೆಮಟೈಟ್ 1 ಕೆಜಿ, ಕಾರ್ಬನ್ ಮೊನಾಕ್ಸೈಡ್ 420 ಗ್ರಾಂ. ಎಷ್ಟು ಕಬ್ಬಿಣ? ಏನು ಉಳಿಯುತ್ತದೆ? ಹೂಂ, ತ್ರೈರಾಶಿ ಹಾಕು.

ಸಿಇಟಿ_ಬ್ಯಾಚ್

159.7ಕ್ಕೆ 111.7 ಕಬ್ಬಿಣ. 1000ಕ್ಕೆ 699 ಗ್ರಾಂ. ಅಲ್ವಾ ಅಣ್ಣ?

ಪಿಯುಸಿ_ಹುಡುಗಿ

ನಾನು ಮಾಡಿದೆ. ಹೆಮಟೈಟ್ 1000 ÷ 159.7 = 6.26 ಮೋಲ್. ಕಾರ್ಬನ್ ಮೊನಾಕ್ಸೈಡ್ 12 + 16 = 28, 420 ÷ 28 = 15 ಮೋಲ್. 6.26 ಮೋಲಿಗೆ ಮೂರು ಪಟ್ಟು ಅಂದರೆ 18.8 ಮೋಲ್ ಬೇಕಿತ್ತು, ಇರುವುದು 15. ಹಾಗಾಗಿ ಅನಿಲ ಮೊದಲು ಮುಗಿಯುತ್ತದೆ. 15 ÷ 3 = 5 ಮೋಲ್ ಹೆಮಟೈಟ್ ಮಾತ್ರ ಖರ್ಚು. ಕಬ್ಬಿಣ 10 ಮೋಲ್, 558.5 ಗ್ರಾಂ. ಉಳಿಯುವ ಹೆಮಟೈಟ್ 1.26 ಮೋಲ್, ಸುಮಾರು 201 ಗ್ರಾಂ. ಸರಿನಾ ಅಣ್ಣ?

ದುರ್ಗದ_ಗಣಿ

ನೂರಕ್ಕೆ ನೂರು ಕಣಮ್ಮ! ತಮ್ಮ, ನೀನು ಹೇಳಿದ 699 ಅನಿಲ ಸಾಕಷ್ಟು ಇದ್ದಿದ್ದರೆ ಸಿಗೋದು. ಎರಡು ಕಡೆ ತೂಕ ಕೊಟ್ಟರೆ ಮೊದಲು ಎರಡನ್ನೂ ಮೋಲಿಗೆ ತರಬೇಕು. ಗ್ರಾಂ ಗ್ರಾಂ ಹೋಲಿಸಿ ಕೂತರೆ 1000 ದೊಡ್ಡದು, 420 ಚಿಕ್ಕದು ಅಂತ ಅನ್ನಿಸುತ್ತೆ, ಅದಕ್ಕೆ ಅರ್ಥವೇ ಇಲ್ಲ.

ಅದಿರು 60 ಪರ್ಸೆಂಟ್ ಅಂತ ನಮ್ಮಲ್ಲಿ ಮಾತಾಡ್ತಾರಲ್ಲ, ಅದು ಕಬ್ಬಿಣದ ಪರ್ಸೆಂಟು, ಹೆಮಟೈಟಿಂದಲ್ಲ. ಅಪ್ಪಟ ಹೆಮಟೈಟಲ್ಲೇ 69.9 ಪರ್ಸೆಂಟ್ ಕಬ್ಬಿಣ ಇರೋದು, ಅದಕ್ಕಿಂತ ಮೇಲೆ ಹೋಗಲ್ಲ. ಕಬ್ಬಿಣವೆಲ್ಲ ಹೆಮಟೈಟಾಗೇ ಇದ್ದರೆ 60ರ ಅದಿರಲ್ಲಿ ಹೆಮಟೈಟ್ 86 ಪರ್ಸೆಂಟ್ ಹತ್ತಿರ.

ಇಂಗಳದಾಳ್ ಕಡೆ ಹಿಂದೆ ತಾಮ್ರದ ಗಣಿ ನಡೀತಿತ್ತು. ಅಲ್ಲಿ ಚಾಲ್ಕೊಪೈರೈಟ್. ಒಂದು ತಾಮ್ರ, ಒಂದು ಕಬ್ಬಿಣ, ಎರಡು ಗಂಧಕ. 183.5ರಲ್ಲಿ 63.55, ಅಂದರೆ ಶುದ್ಧ ಖನಿಜದಲ್ಲೇ ತಾಮ್ರ 34.6 ಪರ್ಸೆಂಟ್. ಅದು ಬಂಡೆಯೊಳಗೆ ಅಲ್ಲಲ್ಲಿ ಮಾತ್ರ ಇರೋದು, ಹಾಗಾಗಿ ಅದಿರಿನಲ್ಲಿ ತಾಮ್ರ ಇದಕ್ಕಿಂತ ಎಷ್ಟೋ ಕಮ್ಮಿ.

ಸಿಇಟಿ_ಬ್ಯಾಚ್

ಸರಿ, ಎರಡು ವಸ್ತು ಕೊಟ್ಟಾಗ ಮೋಲ್. ಒಂದೇ ಕೊಟ್ಟಾಗ ನನ್ನ ತ್ರೈರಾಶಿ ನಾನು ಬಿಡಲ್ಲ.

ಗೊಬ್ಬರದಂಗಡಿ (ದಾವಣಗೆರೆ)

ಈ ಚರ್ಚೆ ನಮ್ಮ ಅಂಗಡಿಗೂ ಬರುತ್ತೆ ರೀ. ಮೆಕ್ಕೆಜೋಳಕ್ಕೆ ಯೂರಿಯಾ ತಗೊಂಡು ಹೋಗುವವರು ಚೀಲದ ಮೇಲಿನ 46 ಏನು ಅಂತ ಕೇಳ್ತಾರೆ. ಮಗ ಬಿ.ಎಸ್ಸಿ. ಓದುವಾಗ ಲೆಕ್ಕ ಹಾಕಿ ತೋರಿಸಿದ್ದ. ಯೂರಿಯಾದಲ್ಲಿ ಎರಡು ಸಾರಜನಕ, ಒಂದು ಕಾರ್ಬನ್, ಒಂದು ಆಕ್ಸಿಜನ್, ನಾಲ್ಕು ಹೈಡ್ರೋಜನ್. ಒಟ್ಟು 60.06. ಅದರಲ್ಲಿ ಸಾರಜನಕ 28.02. ಭಾಗಿಸಿದರೆ 46.6 ಪರ್ಸೆಂಟ್. ಚೀಲದ ಮೇಲೆ 46. ಒಂದು 45 ಕೆಜಿ ಚೀಲದಲ್ಲಿ 20.7 ಕೆಜಿ ಸಾರಜನಕ.

ಪೊಟ್ಯಾಷ್ ಚೀಲದ ಮೇಲೆ 60 ಅಂತ ಇರುತ್ತೆ. ಒಳಗೆ ಇರೋದು ಪೊಟ್ಯಾಸಿಯಂ ಕ್ಲೋರೈಡ್, ಅದರಲ್ಲಿ 60 ಪರ್ಸೆಂಟ್ ಪೊಟ್ಯಾಸಿಯಂ ಬರೋಕೆ ಸಾಧ್ಯನಾ ಅಂತ ಒಬ್ಬರು ಮೇಷ್ಟ್ರು ಜಗಳಕ್ಕೇ ಬಂದಿದ್ದರು.

ಕೆಮಿಸ್ಟ್ರಿ_ಮೇಡಂ

ಅವರ ಅನುಮಾನ ನ್ಯಾಯವೇ. ಪೊಟ್ಯಾಸಿಯಂ 39.10, ಕ್ಲೋರಿನ್ 35.45, ಒಟ್ಟು 74.55. ಶುದ್ಧವಾದದ್ದರಲ್ಲೂ ಪೊಟ್ಯಾಸಿಯಂ 52.4 ಪರ್ಸೆಂಟ್ ಅಷ್ಟೆ. ಆದರೆ ಗೊಬ್ಬರದ ಲೆಕ್ಕ ಹಳೇ ರೂಢಿಯಂತೆ ಪೊಟ್ಯಾಸಿಯಂ ಆಕ್ಸೈಡಿನದ್ದು. ಚೀಲದಲ್ಲಿ ಆಕ್ಸೈಡ್ ಒಂದು ಚಿಟಿಕೆಯೂ ಇಲ್ಲ, ಇದ್ದಿದ್ದರೆ ಎಷ್ಟಾಗುತ್ತಿತ್ತು ಅಂತ ಬರೆಯುತ್ತಾರೆ. ಆಕ್ಸೈಡ್ 94.20, ಅದರಲ್ಲಿ ಎರಡು ಪೊಟ್ಯಾಸಿಯಂ 78.20. ಅಂದರೆ ಅಚ್ಚಾದ 60ನ್ನು 0.83ರಿಂದ ಗುಣಿಸಬೇಕು. ನಿಜವಾದ ಪೊಟ್ಯಾಸಿಯಂ ಸುಮಾರು 50 ಪರ್ಸೆಂಟ್. ಡಿಎಪಿ ಗೊಬ್ಬರದ 18-46ರಲ್ಲಿ ಎರಡನೇ ಸಂಖ್ಯೆಯೂ ಹೀಗೇ, ರಂಜಕದ ಆಕ್ಸೈಡಿನ ಲೆಕ್ಕ. 46ರಲ್ಲಿ ರಂಜಕ 20 ಮಾತ್ರ. ಮೊದಲನೇ 18 ಮಾತ್ರ ನೇರವಾಗಿ ಸಾರಜನಕವೇ.

ಗೊಬ್ಬರದಂಗಡಿ

ಇದನ್ನ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸ್ತೀನಿ ಮೇಡಂ.

ಪಿಯುಸಿ_ಹುಡುಗಿ

ಇನ್ನೆರಡು ಸಣ್ಣ ಡೌಟು. ಆಕ್ಸಿಜನ್ ಒಂದು ಮೋಲ್ ಅಂದರೆ 16 ಗ್ರಾಮಾ 32 ಗ್ರಾಮಾ? ಒಂದು ಮೋಲ್ ಅನಿಲಕ್ಕೆ 22.4 ಲೀಟರ್ ಅಂತ ಅಣ್ಣನ ಹಳೇ ನೋಟ್ಸಲ್ಲಿ, ನಮ್ಮ ಪುಸ್ತಕದಲ್ಲಿ 22.7. ಯಾವುದು ಸರಿ?

ಲ್ಯಾಬ್_ಮೇಷ್ಟ್ರು

ಪರಮಾಣು ಅಂತ ಕೇಳಿದರೆ 16, ಆಕ್ಸಿಜನ್ ಅನಿಲ ಅಂದರೆ 32. ಅನಿಲದಲ್ಲಿ ಅದು ಜೋಡಿಯಾಗಿಯೇ ಇರುವುದು. ಮೋಲ್ ಅಂದಾಗ ಯಾವುದರ ಮೋಲ್ ಅಂತ ಪಕ್ಕದಲ್ಲಿ ಬರೆ. ಕಾಪಿಯಲ್ಲಿ ಬರೀ "0.5" ಅಂತ ಬರೆಯುವವರಿಗೆ ನಾನು ಕೆಂಪು ಗೆರೆ ಹಾಕುತ್ತಿದ್ದೆ. 0.5 ಏನು? ಗ್ರಾಮಾ, ಮೋಲಾ, ಲೀಟರಾ?

22.4 ಮತ್ತು 22.7 ಎರಡೂ ಸರಿ, ಒತ್ತಡ ಬೇರೆ. 0 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ಅಟ್ಮಾಸ್ಫಿಯರ್ ಒತ್ತಡ ಇಟ್ಟರೆ 22.4. ಅದೇ ಉಷ್ಣತೆಯಲ್ಲಿ 1 ಬಾರ್ ಇಟ್ಟರೆ 22.7. ಬಾರ್ ಸ್ವಲ್ಪ ಕಮ್ಮಿ ಒತ್ತಡ, ಹಾಗಾಗಿ ಅನಿಲ ಸ್ವಲ್ಪ ಜಾಸ್ತಿ ಜಾಗ ಹಿಡಿಯುತ್ತದೆ. ಪ್ರಶ್ನೆಯಲ್ಲಿ ಒತ್ತಡ ಎಷ್ಟು ಕೊಟ್ಟಿದ್ದಾರೆ ಅಂತ ಮೊದಲು ನೋಡು.

ಹಳೇ_ಪುಸ್ತಕ (ಹರಿಹರ)

ನಡುವೆ ಬಾಯಿ ಹಾಕ್ತೀನಿ. ಆ 6.022ರ ಸಂಖ್ಯೆಯನ್ನು ಅವೊಗಾಡ್ರೋ ಕಂಡುಹಿಡಿದ ಅಂತ ಸುಮಾರು ಜನ ಬರೀತಾರೆ. ಅವನು 1811ರಲ್ಲಿ ಹೇಳಿದ್ದು ಇಷ್ಟೇ: ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮ ಗಾತ್ರದ ಅನಿಲಗಳಲ್ಲಿ ಸಮ ಸಂಖ್ಯೆಯ ಅಣುಗಳಿರುತ್ತವೆ. ಎಷ್ಟು ಅಂತ ಅವನಿಗೆ ಗೊತ್ತಿರಲಿಲ್ಲ. ಅಣುಗಳ ಗಾತ್ರವನ್ನು ಮೊದಲು ಅಂದಾಜು ಮಾಡಿದ್ದು 1865ರಲ್ಲಿ ಲೋಷ್ಮಿಟ್. 1909ರಲ್ಲಿ ಆ ಸಂಖ್ಯೆಗೆ ಅವೊಗಾಡ್ರೋ ಹೆಸರಿಟ್ಟದ್ದು ಪೆರಿನ್, ಅವನಿಗೆ 1926ರ ಭೌತಶಾಸ್ತ್ರದ ನೊಬೆಲ್ ಬಂತು.

ಹಳೇ ಪುಸ್ತಕಗಳಲ್ಲಿ 12 ಗ್ರಾಂ ಕಾರ್ಬನ್-12ರಲ್ಲಿ ಎಷ್ಟು ಪರಮಾಣು ಇದೆಯೋ ಅಷ್ಟು ಅಂತ ಮೋಲಿನ ವ್ಯಾಖ್ಯೆ. 2019ರ ಮೇ 20ರಿಂದ ಅದು ತಿರುಗಿತು. ಈಗ 6.02214076 × 10²³ ಅಂತ ಸಂಖ್ಯೆಯನ್ನೇ ಗಟ್ಟಿ ಮಾಡಿದ್ದಾರೆ. ನಿಮ್ಮ ಲೆಕ್ಕದಲ್ಲಿ ಏನೂ ಬದಲಾಗಲ್ಲ.

ಅಡಿಕೆ_ಹೊಳಲ್ಕೆರೆ

ನೊಬೆಲ್ ಎಲ್ಲಾ ಸರಿ. ನನ್ನ ಮೂಟೆ ಸುಣ್ಣ ಹೋದ ಮಳೆಗಾಲದ್ದು, ಅರಳಿದ ಪುಡಿ, ಬಾಯಿ ಬಿಚ್ಚಿಟ್ಟಿದ್ದೆ. ಎಷ್ಟು ಪಾಲು ಕೆಟ್ಟಿದೆ ಅಂತ ಮೋಲಿನಲ್ಲಿ ಹೇಳೋಕೆ ಆಗುತ್ತಾ ಮೇಷ್ಟ್ರೇ?

ಲ್ಯಾಬ್_ಮೇಷ್ಟ್ರು

ಆಗುತ್ತದೆ, ಸಾಧಾರಣ ಕಾಲೇಜು ಲ್ಯಾಬಿನಲ್ಲೇ. ಗಾಳಿಗೆ ಕೆಟ್ಟ ಸುಣ್ಣ ಕಾರ್ಬೊನೇಟ್ ಆಗಿರುತ್ತದೆ. ಆಸಿಡ್ ಹಾಕಿದರೆ ಒಳ್ಳೇ ಸುಣ್ಣ ಸದ್ದಿಲ್ಲದೆ ಕರಗುತ್ತದೆ, ಕಾರ್ಬೊನೇಟ್ ಮಾತ್ರ ಬುಸುಬುಸು ಗುಳ್ಳೆ ಬಿಡುತ್ತದೆ. ಹೊರಗೆ ಹೋದ ಅನಿಲದ ತೂಕ ಹಿಡಿದರೆ ಸಾಕು. ಉದಾಹರಣೆಗೆ 5.00 ಗ್ರಾಂ ಪುಡಿಯಲ್ಲಿ 0.44 ಗ್ರಾಂ ಕಮ್ಮಿಯಾಯಿತು ಅನ್ನಿ. 0.44 ÷ 44 = 0.01 ಮೋಲ್. ಕಾರ್ಬೊನೇಟೂ 0.01 ಮೋಲ್, 1.00 ಗ್ರಾಂ. ಐದರಲ್ಲಿ ಒಂದು ಪಾಲು ಕೆಟ್ಟಿದೆ.

ತಂಗಿ, ನಿಮ್ಮ ಲ್ಯಾಬಿನಲ್ಲಿ ಲೆಕ್ಚರರ್ ಜೊತೆ ಇದನ್ನು ಮಾಡಬಹುದು. 2 ಮೋಲಾರ್ ಹೈಡ್ರೋಕ್ಲೋರಿಕ್ ಆಸಿಡ್ ಎಷ್ಟು ಬೇಕಾಗುತ್ತದೆ, ನೀನೇ ಹೇಳು.

ಪಿಯುಸಿ_ಹುಡುಗಿ

ಒಳ್ಳೇ ಸುಣ್ಣ 4.00 ÷ 74.09 = 0.054 ಮೋಲ್. ಒಂದಕ್ಕೆ ಎರಡು ಆಸಿಡ್, 0.108. ಕಾರ್ಬೊನೇಟ್ 0.01, ಅದಕ್ಕೂ ಎರಡು, 0.02. ಒಟ್ಟು 0.128 ಮೋಲ್. ಲೀಟರಿಗೆ 2 ಮೋಲ್ ಇದ್ದರೆ 0.064 ಲೀಟರ್. 64 ಮಿಲಿ ಸರ್.

ಆದರೆ ನಮ್ಮ ಲ್ಯಾಬಿನ ತಕ್ಕಡಿ 0.01 ಗ್ರಾಂವರೆಗೆ ಮಾತ್ರ ತೋರಿಸುತ್ತದೆ. ಸಾಕಾಗುತ್ತಾ?

ಲ್ಯಾಬ್_ಮೇಷ್ಟ್ರು

ಸಾಕು. ಮೊದಲು ಒಂದು ಸಲ, ಕೊನೆಗೆ ಒಂದು ಸಲ ತೂಗುತ್ತೀಯ. ಎರಡೂ ಸೇರಿ 0.02 ಹೆಚ್ಚುಕಮ್ಮಿ ಆದರೂ 20 ಪರ್ಸೆಂಟ್ ಹೋಗಿ 19 ಅಥವಾ 21 ಆಗುತ್ತದೆ. ತೋಟದ ಸುಣ್ಣಕ್ಕೆ ಅಷ್ಟು ನಿಖರ ಧಾರಾಳ ಆಯಿತು.

ಆಸಿಡ್ 64ಕ್ಕೆ ನಿಲ್ಲಿಸಬೇಡ, 80 ಮಿಲಿ ತಗೋ. ಇಲ್ಲಿ ಸುಣ್ಣ ಮುಗಿಯಬೇಕು, ಆಸಿಡ್ ಉಳಿಯಬೇಕು. ಫ್ಲಾಸ್ಕ್, ಪುಡಿ, ಬೇರೆ ಬೀಕರಿನಲ್ಲಿ ಆಸಿಡ್, ಬಾಯಿಗೆ ಇಡುವ ಹತ್ತಿ, ಎಲ್ಲವನ್ನೂ ಒಟ್ಟಿಗೆ ತಕ್ಕಡಿ ಮೇಲೆ ಇಟ್ಟು ತೂಗಿ ಬರೆದುಕೋ. ಕನ್ನಡಕ ಹಾಕಿಕೊಂಡು ಆಸಿಡನ್ನು ಸ್ವಲ್ಪಸ್ವಲ್ಪವೇ ಬಿಡು, ಸುಣ್ಣ ಕರಗುವಾಗ ಬಿಸಿಯಾಗುತ್ತದೆ. ಹತ್ತಿ ಸಡಿಲವಾಗಿರಲಿ, ಅನಿಲ ಹೋಗಬೇಕು, ಹನಿ ಹಾರಬಾರದು. ಗುಳ್ಳೆ ನಿಂತು ಫ್ಲಾಸ್ಕ್ ತಣ್ಣಗಾದ ಮೇಲೆ, ಖಾಲಿ ಬೀಕರನ್ನೂ ಸೇರಿಸಿ ಎರಡನೇ ಸಲ ತೂಗು.

ಅಡಿಕೆ_ಹೊಳಲ್ಕೆರೆ

ತಂಗಿ, ಮುಂದಿನ ವಾರ ದಾವಣಗೆರೆಗೆ ಬರ್ತಿದ್ದೀನಿ. ಪುಡಿಯನ್ನ ಗಾಳಿ ಆಡದ ಡಬ್ಬಿಯಲ್ಲಿ ತರ್ತೀನಿ. ಮೂಟೆಯ ಮೇಲಿನದ್ದು ಒಂದು, ತಳದ್ದು ಒಂದು ಬೇರೆ ಬೇರೆ ಕೊಡ್ತೀನಿ. ಮೇಲಿನದ್ದೇ ಜಾಸ್ತಿ ಕೆಟ್ಟಿರಬೇಕು ಅಂತ ನನ್ನ ಅಂದಾಜು.